ತಕರಾರಿಲ್ಲ

ಎಂಬತ್ತು ಸಾವಿರ ಪೌಂಡು ನನ್ನ ಬೆನ್ನಿಗಿತ್ತು,
ಮುಟ್ಟಿದ್ದು ಒಂದು ಕನ್ನಡಿಯನ್ನು.
ಅದೂ ನಿಂತ ಪಿಕಪ್ಪಿನ ಎಡಗಿವಿ.

ಗಿಬ್ಬನ್ ಎಂಬ ಊರು. ನೆಬ್ರಾಸ್ಕ. ಮಾರ್ಚ್ ಕೊನೆ.
ಬಲಕ್ಕೆ ತಿರುಗಿದೆ. ಮೂತಿ ಸರಿಯಾಗಿಯೇ ತಿರುಗಿತು;
ಬಾಲಕ್ಕೆ ತನ್ನದೇ ಬುದ್ಧಿ, ಐವತ್ಮೂರು ಅಡಿಯ ಬಾಲಕ್ಕೆ.
ಟಪ್ಪೆಂದಿತು. ಮಾವಿನಕಾಯಿ ಬಿದ್ದಷ್ಟೇ ಸದ್ದು.

ಹೊಸಪೇಟೆಯಲ್ಲಿ ಅದಿರು ಹೊಡೆಯುವಾಗ
ಇಂಥದಕ್ಕೊಂದು ರೀತಿಯಿತ್ತು.
ಇಬ್ಬರೂ ಕೆಳಗಿಳಿಯಬೇಕು. ಅವನು ನಮ್ಮಪ್ಪನನ್ನು,
ನಾನು ಅವನ ಅಜ್ಜನನ್ನು ನೆನೆಯಬೇಕು.
ಹಿಂದೆ ಅರ್ಧ ಮೈಲು ಲಾರಿ ನಿಲ್ಲಬೇಕು. ಯಾರೋ ಹಿರಿಯ
"ಹೋಗ್ಲಿ ಬಿಡ್ರೋ" ಅನ್ನಬೇಕು. ಇನ್ನೂರು ರೂಪಾಯಿ,
ಎರಡು ಚಾ, ಇಬ್ಬರಿಗೆ ಒಂದೇ ಬೀಡಿ.
ಕೇಸು ಹೊಗೆಯಾಗಿ ಹೋಗುತ್ತಿತ್ತು.

ಇಲ್ಲಿ ಯಾರೂ ಬೈಯಲಿಲ್ಲ. ಅದೇ ಕಷ್ಟ.
ಪಿಕಪ್ಪಿನ ಮುದುಕ, ವರ್ಲಿನ್, ಕನ್ನಡಿಯನ್ನೆತ್ತಿ
ಗಾಯವಾದ ಕೋಳಿಯಂತೆ ಕಂಕುಳಲ್ಲಿ ಹಿಡಿದು ನಿಂತ.
ಪೊಲೀಸಿನವಳು, ಕುಚೇರಾ ಅಂತ ಎದೆಯ ಮೇಲೆ ಹೆಸರು,
ಹುಲಿಗೆಪ್ಪ ಅನ್ನುವುದನ್ನು ಒಂದೊಂದೇ ಅಕ್ಷರ ಬಿಡಿಸಿ
ಹಳದಿ ಚೀಟಿಯಲ್ಲಿ ಕೂರಿಸಿದಳು.
"ಸಹಿ ಹಾಕಿ. ಸಹಿ ಅಂದರೆ ತಪ್ಪು ಒಪ್ಪಿದ ಹಾಗಲ್ಲ."
ನಮ್ಮಲ್ಲಿ ಸಹಿ ಅಂದರೆ ಮುಗಿದ ಮಾತು, ಅಮ್ಮಾ.
ಅದನ್ನು ಇಂಗ್ಲಿಷಿನಲ್ಲಿ ಹೇಳಲು ಬರದೆ ಹಾಕಿದೆ.

"ತಿರುಗುವಾಗ ಎಲ್ಲಿ ನೋಡುತ್ತಿದ್ದಿರಿ?"
"ಕನ್ನಡಿ," ಅಂದೆ.
ಸುಳ್ಳು.

ಮೇಲೆ ನೋಡುತ್ತಿದ್ದೆ. ಕೊಕ್ಕರೆ ಜಾತಿಯವು,
ಸಾವಿರವೋ, ಹತ್ತು ಸಾವಿರವೋ, ಬೂದಿ ಬಣ್ಣ,
ಮೆಕ್ಕೆಜೋಳದ ಕೂಳೆಯಿಂದೆದ್ದು ಪ್ಲ್ಯಾಟ್ ನದಿಯ ಕಡೆ
ಹೊರಳುತ್ತಿದ್ದವು, ಗಂಟಲಲ್ಲಿ ಮರದ ಗಾಲಿ ಉರುಳಿಸುತ್ತ.
ಎರಡು ಸೆಕೆಂಡು. ಮೂರಿರಬಹುದು.
ವರ್ಲಿನ್ ಆಗ ಬಾಯಿ ತೆರೆದ. ನನ್ನನ್ನು ನೋಡಲಿಲ್ಲ.
"ಈ ವರ್ಷ ತಡವಾಗಿ ಬಂದವು," ಅಂದ, ಆಕಾಶಕ್ಕೆ.
ಅವನಿಗೆ ಗೊತ್ತಿತ್ತು. ಅವಳು ಬರೆಯುತ್ತಲೇ ಇದ್ದಳು.

ಆ ರಾತ್ರಿ ಸ್ಲೀಪರಿನ ದೀಪದಲ್ಲಿ ಚೀಟಿ ಓದಿದೆ.
ಮೂರು ಚೌಕ. ತಪ್ಪು ಮಾಡಿದ್ದೇನೆ. ಮಾಡಿಲ್ಲ.
ಮೂರನೆಯದು: ತಕರಾರಿಲ್ಲ.
ಎಂಥ ಚೌಕವಪ್ಪ ಇದು! ಒಪ್ಪುವುದೂ ಅಲ್ಲ,
ಅಲ್ಲಗಳೆಯುವುದೂ ಅಲ್ಲ, ಮದುವೆಮನೆಯ ಮೂಲೆಯಲ್ಲಿ
ಮುನಿಸಿಕೊಂಡು ಕೂತ ಸೋದರಮಾವನ ಹಾಗೆ.

ಆಫೀಸಿನ ಡಾರ್ಲಾ ಫೋನಿನಲ್ಲಿ ಹೇಳಿದಳು:
"ಅಂಚೆಯಲ್ಲಿ ದುಡ್ಡು ಕಳಿಸಿದರೆ ಒಪ್ಪಿದ ಹಾಗೆ.
ಕೋರ್ಟಿಗೆ ಹೋದರೆ ಎರಡು ದಿನದ ಲೋಡು ಹೋಯಿತು.
ಕಾರಿನವರಾದರೆ ಒಂದು ಕ್ಲಾಸಿಗೆ ಕೂರಿಸಿ ಬಿಡುತ್ತಾರೆ,
ನಿನಗಿಲ್ಲ. ದೊಡ್ಡ ಲೈಸೆನ್ಸಿಗೆ
ಚಿಕ್ಕ ತಪ್ಪು ಅಂತ ಇರುವುದಿಲ್ಲ, ಮಗೂ."
ನನಗೆ ಐವತ್ತೊಂದು. ಆದರೂ ಆ 'ಮಗೂ' ಹಿತವಾಯಿತು.

ಹದಿನಾಲ್ಕು ಫೋಟೋ ತೆಗೆದಿದ್ದೆ, ಪುರಾವೆಗೆ.
ಚಕ್ರ, ಕಟ್ಟೆ, ಕನ್ನಡಿ, ಅಳಿಸಿಹೋದ ಬಿಳಿ ಗೆರೆ.
ಒಂಬತ್ತನೆಯದರ ಮೇಲಂಚಿನಲ್ಲಿ ಚುಕ್ಕಿಗಳು,
ಎಳ್ಳು ಚೆಲ್ಲಿದಂತೆ. ಬೆರಳಿಂದ ದೊಡ್ಡದು ಮಾಡಿದೆ.
ಮಸುಕಾದವು. ಈ ಸಾಕ್ಷಿ ನನ್ನ ಕಡೆಯದೋ, ಅವರ ಕಡೆಯದೋ.

ಹೋದೆ. ಕಾರ್ನಿಯಲ್ಲಿ ಕೋರ್ಟು, ಬಫೆಲೊ ಕೌಂಟಿ:
ಎಮ್ಮೆಯ ಹೆಸರಿನ ಜಿಲ್ಲೆಗೆ ಹುಲಿಯ ಹೆಸರಿನವ,
ಇಸ್ತ್ರಿ ಅಂಗಿಯಲ್ಲಿ.
ಆ ಹಕ್ಕಿಯ ಇಂಗ್ಲಿಷ್ ಹೆಸರು ಬಾಯಿಪಾಠ ಮಾಡಿದ್ದೆ,
ಯಾಕೆ ಅಂತ ಕೇಳಿದರೆ ಹೇಳೋಣ ಅಂತ.
ಅಲ್ಲಿ ಏನು ಅಂತ ಕೇಳುತ್ತಾರೆ, ಎಷ್ಟು ಅಂತ ಹೇಳುತ್ತಾರೆ.
"ತಕರಾರಿಲ್ಲ," ಅಂದೆ. ನ್ಯಾಯಾಧೀಶೆ ತಲೆಯೆತ್ತದೆ ಬರೆದುಕೊಂಡರು.
ನಾಲ್ಕು ನಿಮಿಷ. ಎಪ್ಪತ್ತೈದು ಡಾಲರ್.
ಕಾರ್ಡಿಗೆ ಎರಡೂವರೆ ಬೇರೆ.

ವಾಪಸು ಬರುತ್ತ ಅದೇ ಮೂಲೆ.
ಪಿಕಪ್ಪು ಅಲ್ಲೇ, ಕನ್ನಡಿಗೆ ಬೆಳ್ಳಿಟೇಪಿನ ಪಟ್ಟಿ.
ವಿಮೆಯ ದುಡ್ಡನ್ನು ಏನು ಮಾಡಿದನೋ.
ಕೂಳೆ ಖಾಲಿ. ಆಕಾಶ ಖಾಲಿ. ಉತ್ತರಕ್ಕೆ ಹೋಗಿಬಿಟ್ಟಿದ್ದವು.
ಗೆರೆಯ ಮೇಲೆ ಪೂರ್ತಿ ನಿಲ್ಲಿಸಿದೆ, ಬ್ರೇಕು ಉಸಿರು ಬಿಟ್ಟಿತು.
ಆಮೇಲೆ ನೋಡಿದೆ, ಇಲ್ಲದ್ದನ್ನೇ, ಸಾವಕಾಶವಾಗಿ.
ಹಿಂದಿನ ಕಾರು ಬಹಳ ಹೊತ್ತು ಕಾದು
ಒಂದೇ ಒಂದು ಸಲ ಹಾರ್ನ್ ಹೊಡೆಯಿತು,
ಕೆಮ್ಮಿದ ಹಾಗೆ.