ಗಿರಣಿಯವನ ಮಗಳು

ಕುಷ್ಟಗಿ ಬಸ್‌ಸ್ಟ್ಯಾಂಡಿನ ಹಿಂದ ನನ್ನ ಗಿರಣಿ.
ಮೂಟಿ ತೂಗೋ ಕಾಟಾದ ಮ್ಯಾಲ
ಸಾಲಿ ಬಿಟ್ಟ ಕೂಡಲೆ ಬಂದು ನಿಲ್ಲಾಕಿ ತನುಜಾ.
ಎರಡು ವರ್ಷ ಮುಳ್ಳು ಹದಿನೆಂಟು ದಾಟಲಿಲ್ಲ.
ಮೂರನೇತ್ತೆಗೆ ಹೊಲಿಸಿದ ಲಂಗ
ಐದನೇತ್ತೆಗೂ ಸಾಕಾತು.
"ಚಲೋ ಆತಲ್ಲ, ರೊಕ್ಕ ಉಳೀತು" ಅಂದ ದರ್ಜಿ ಖಾಜಾಸಾಬ;
ನಗಸಾಕ ಅಂದಿದ್ದ, ಇಬ್ಬರೂ ನಗಲಿಲ್ಲ.

ಹೊಟ್ಟಿ ಮಾತ್ರ ಗಡಿಗಿ. ಕೈಕಾಲು ತೊಗರಿ ಕಟ್ಟಿಗಿ.
ಒಬ್ಬರು ಜಂತು ಅಂದ್ರು.
ಒಬ್ಬರ ಕಬ್ಬಿಣದ ಟಾನಿಕ್ಕಿಗೆ ಹಲ್ಲು ಕರ್ರಗಾದವು.
ಇಲಕಲ್ಲಿನಾಗ ಒಬ್ಬರು ಕೂಸಿನ ಮುಖಾನೂ ನೋಡದ
"ತಾಯಿ ಸರಿಯಾಗಿ ಉಣಸೂದಿಲ್ಲೇನು?" ಅಂದ್ರು;
ಗಂಗಮ್ಮ ಬಸ್ಸಿನಾಗ ಕಿಟಕಿ ಕಡೆ ಮುಖ ಮಾಡಿ ಕುಂತಾಕಿ
ಊರು ಬರೋತನ ತಿರುಗಲಿಲ್ಲ.

ದೊಡ್ಡ ಫೀಜಿನ ಡಾಕ್ಟರು ಹೇಳಿದ್ದು:
"ಜೋಳದ ರೊಟ್ಟಿ ಭಾರ ಆಗ್ತದ. ಗೋಧಿ ಕೊಡ್ರಿ,
ಮೆತ್ತನ್ನ ಚಪಾತಿ, ಗೋಧಿ ಗಂಜಿ."
ಗಿರಣಿ ಯಾರದು? ನಂದ.
ಒಳ್ಳೆ ಗೋಧಿ ಆರಿಸಿ
ಕಲ್ಲು ಕಾದು ಹಿಟ್ಟು ಸುಡದಂಗ ನಿಧಾನ ಬೀಸಿದೆ.
ನನ್ನ ಕೈಯಾರೆ.
ಇದನ್ನ ನಾ ಮತ್ತ ಹೇಳಾಂವಲ್ಲ.

ಕೊಪ್ಪಳದಾಗ ಕಿರಾಣಿ ಅಂಗಡಿ ಮ್ಯಾಲಿನ ಒಂದು ಖೋಲಿ.
ಡಾಕ್ಟರ್ ಅನಸೂಯಾ ಹಿರೇಸಿಂದೋಗಿ.
ಸ್ಟೆತಸ್ಕೋಪು ಕೊರಳಾಗನ ಇತ್ತು, ಮುಟ್ಟಲಿಲ್ಲ.
"ನಿನ್ನೆ ಮುಂಜಾನಿಂದ ಏನೇನು ತಿಂದಿ? ನೀನ ಹೇಳವಾ."
ಹೊರಗ ಹದಿನಾಲ್ಕು ಮಂದಿ ಕೆಮ್ಮತಿದ್ರು.
ತನುಜಾ ಬೆರಳು ಮಡಚಿದಳು: ಚಪಾತಿ. ಬಿಸ್ಕೀಟು. ಉಪ್ಪಿಟ್ಟು.
ಅಪ್ಪ ಕೊಡೋ ಗಂಜಿ.
ಡಾಕ್ಟರು ಪೆನ್ನು ಕೆಳಗಿಟ್ರು.

ರಕ್ತ ಹುಬ್ಬಳ್ಳಿಗೆ ಹೋತು.
"ನಂಗ ಗೋಧಿ ಮ್ಯಾಲ ಸಂಶಯ. ಆದ್ರ ಪರೀಕ್ಷೆ ಮುಗಿಯೋತನ ಬಿಡಿಸಬ್ಯಾಡ್ರಿ,
ಬಿಡಿಸಿದ್ರ ರೋಗ ಮುಖ ಮುಚ್ಚಿಗೋತದ."
ಹನ್ನೊಂದು ದಿನ.
ಆಕಿ ತಿನ್ನೋ ಒಂದೊಂದು ಚಪಾತಿಗೂ
ನಾವಿಬ್ಬರೂ ಗ್ವಾಡಿ ನೋಡಿದಿವಿ.

ಆಮ್ಯಾಲ ಆ ಹೆಸರು. ಸೀಲಿಯಾಕ್. ನನ್ನ ನಾಲಿಗಿ ಹೊಳ್ಳಲಿಲ್ಲ.
ಕರುಳಿನ ಚಿತ್ರ ತೆಗೆದು ತೋರಿಸಿದ್ರು,
ಒಳಗ ಸಣ್ಣ ಸಣ್ಣ ಮುಳ್ಳಿನಂಥವು,
ಸವೆದು ನುಣ್ಣಗಾಗ್ಯಾವಂತ.
"ಟಾಕಿ ಹೋದ ಕಲ್ಲು" ಅಂದೆ.
"ಏನ್ರೀ?"
"ಬೀಸೋ ಕಲ್ಲಿನ ಮುಳ್ಳು ಸವೆದ್ರ, ಮ್ಯಾಡಮ್,
ಎಷ್ಟು ಹಾಕಿದ್ರೂ ಕಾಳು ಕಾಳಾಗೇ ಕೆಳಗ ಬೀಳತದ."
ಅದನ್ನ ಅವರು ಬರಕೊಂಡ್ರು.
ಎರಡು ವರ್ಷದಾಗ ಒಬ್ಬ ಡಾಕ್ಟರು ನಾ ಹೇಳಿದ್ದು ಬರಕೊಂಡದ್ದು
ಅದ ಮೊದಲು.
ಬರೆಯೋ ಕೈ ನಿಂತಿತು.
ನನ್ನ ಹುಬ್ಬು ನೋಡಿದ್ರು, ಕಿವಿಯ ಸಂದಿ ನೋಡಿದ್ರು.
"ನಿಮ್ಮ ಉದ್ಯೋಗ ಏನ್ರೀ?"

ಈಗ ಗಿರಣಿ ಹಿಂದಿನ ನಳಕ್ಕ ನಿಂತು
ತಲಿಮ್ಯಾಲ ನೀರು ಹಾಕ್ಕೊಂಡ ಮ್ಯಾಲನ ಮನಿ.
ಅವ್ವನ ಬೀಸುಕಲ್ಲು ಅಟ್ಟದಿಂದ ಇಳದದ, ಜೋಳ ಅದರಾಗ.
ಇಂಗಿನ ಡಬ್ಬಿ ಸೈತ ಹೊರಗ;
ಅದರಾಗೂ ಗೋಧಿ ಹಿಟ್ಟು ಕುಂತಿರತದಂತ, ಯಾರಿಗೆ ಗೊತ್ತಿತ್ತು.
ತನುಜಾ ಗಿರಣಿ ಹೊಸ್ತಿಲ ತುಳಿಯೂದಿಲ್ಲ.
ಸೋಮವಾರ ಬಂದ್. ಕಾಟಾ ತೊಳೆದು, ಒರೆಸಿ,
ಬೇವಿನ ಗಿಡದ ಬುಡಕ್ಕ ತಂದು ಇಡತೀನಿ.

ಮೊನ್ನೆ ಮುಳ್ಳು ಹತ್ತೊಂಬತ್ತೂವರಿಗೆ ಹೋಗಿ ನಡುಗಿತು.
"ಗಂಗಾ, ಬಾ ಇಲ್ಲೆ!" ಅಂತ ನಾ ಒದರೂದಕ್ಕ
"ತಡಿ ಅಪ್ಪಾ, ಚಪ್ಪಲಿ ಬಿಟ್ಟಿಲ್ಲ" ಅಂದಳು,
ಒಂದು ಕಾಲಿನ ಮ್ಯಾಲ ನಿಂತು.