ಬರೆಯದ ವರ್ಷ

ಸ್ಟ್ರಾಗಳಲ್ಲಿ ಬರುತ್ತವೆ ಅವು,
ಎಳನೀರಿನ ಗಾಡಿಯ ಅದೇ ಬಿಳಿ ಸ್ಟ್ರಾ.
ತುದಿಗೆ ಟೇಪು, ಮೇಲೆ ಪೆನ್ಸಿಲ್ ಬರಹ:
ದೇವದಾರು, ಉತ್ತರದ ಇಳಿಜಾರು, ಎಂಟು ಸಾವಿರ ಅಡಿ.
ಒಳಗೆ, ಊದುಬತ್ತಿಗಿಂತ ಚೂರು ದಪ್ಪ,
ಮುನ್ನೂರು ವರ್ಷ.

ಮಲ್ಲೇಶ್ವರದ ಹದಿನೆಂಟನೇ ಕ್ರಾಸಿನಲ್ಲಿ
ನನ್ನ ಕೆಲಸ ಉಜ್ಜುವುದು.
ಎಂಬತ್ತರ ಕಾಗದ, ಇನ್ನೂರಿಪ್ಪತ್ತರದು, ನಾನೂರರದು,
ಕೊನೆಗೆ ಬರಿಯ ಬೆರಳು.
ಹಿಮ ನೋಡಿದವಳಲ್ಲ, ಫ್ರಿಜ್ಜಿನೊಳಗಿನದು ಬಿಟ್ಟು.
ಆದರೂ ಸಂಜೆ ಬಸ್ಸಿನಲ್ಲಿ ಪಕ್ಕದವರು ಮೂಸಿ ಕೇಳುತ್ತಾರೆ,
ಏನು ಘಮ ಇದು, ದೇವಸ್ಥಾನದಿಂದ ಬಂದ್ರಾ?

ಉಜ್ಜಿದ ಮೇಲೆ ಎಣಿಕೆ.
ತೊಗಟೆಯಿಂದ ಒಳಕ್ಕೆ, ಸೂಜಿ ಹಿಡಿದು:
ಹತ್ತಕ್ಕೆ ಒಂದು ಚುಕ್ಕಿ, ಐವತ್ತಕ್ಕೆ ಎರಡು, ನೂರಕ್ಕೆ ಮೂರು.
ಅಮ್ಮ ಹೊಸಿಲ ಮುಂದೆ ಇಡುತ್ತಿದ್ದಂತೆ.
ಗೆರೆ ಮಾತ್ರ ನಾನು ಎಳೆಯಬೇಕಿಲ್ಲ,
ಎಳೆದೇ ಕಳಿಸಿದೆ ಮರ.

ವಸಂತಕ್ಕೆ ತೆಳು ಬಣ್ಣ, ಚಳಿಗೆ ಮುಂಚೆ ಕಂದು,
ಆಮೇಲೆ ಬಾಗಿಲು.
ಮಳೆ ಕೈಕೊಟ್ಟ ವರ್ಷ ಕೂದಲೆಳೆ.
ನೆಲ ಜಾರಿದ ವರ್ಷ, ಎರಡು ಕಡ್ಡಿ ಜೋಡಿಸಿ ನೋಡಿದರೆ,
ಒಂದೇ ಮಗ್ಗುಲು ದಪ್ಪ;
ಬೀಳುವ ಕಡೆಗೆ ತನ್ನನ್ನೇ ಊರುಗೋಲು ಮಾಡಿ
ಎದ್ದು ನಿಂತಿದೆ.
ಈಚಿನ ಮೂವತ್ತು ಅಗಲ, ತೀರಾ ಅಗಲ.
ಚೆನ್ನಾಗಿ ಬೆಳೆದಿದೆಯಲ್ಲ ಸಾರ್, ಅಂದೆ.
ದೇಶಿಕನ್ ಸಾರ್ ಕನ್ನಡಕ ಒರೆಸುತ್ತ,
ಜ್ವರ ಬಂದ ಮಗುವಿನ ಕೆನ್ನೆ ನೋಡಿದ್ದೀಯಾ, ಅಂದರು.
ಚಳಿ ಮೇಲಕ್ಕೆ ಹತ್ತಿ ಹೋಗುತ್ತಿದೆಯಂತೆ,
ಸಸಿಗಳು ಅದರ ಸೆರಗು ಹಿಡಿದು ಹಿಂದೆ.
ಎಲ್ಲಿಯವರೆಗೆ ಅಂತ ನಾನು ಕೇಳಲಿಲ್ಲ.
ಬೆಟ್ಟಕ್ಕೆ ತುದಿ ಇರುವುದು ನನಗೂ ಗೊತ್ತು.

ಮೇ ತಿಂಗಳ ಗಾಳಿಮಳೆಗೆ ಸಂಪಿಗೆ ರಸ್ತೆಯಲ್ಲಿ
ಮಳೆಮರ ಉರುಳಿತು, ಎರಡು ಸ್ಕೂಟರ್ ಮೇಲೆ.
ಕೊಯ್ದ ಮುನಿನಂಜಪ್ಪ ಆಟೋದಲ್ಲಿ ಹೇರಿಕೊಂಡು ತಂದ
ಒಂದು ಬಿಲ್ಲೆ, ಹೋಳಿಗೆ ಮಣೆಗಿಂತ ದೊಡ್ಡದು.
'ನಮ್ಮೂರ ಮರದ್ದೂ ಒಸಿ ಓದ್ರಮ್ಮ.'
ಉಜ್ಜಿದೆ. ನಾನೂರು ಮುಗಿಸಿ ಆರುನೂರಕ್ಕೂ ಉಜ್ಜಿದೆ.
ಅಕ್ಕಿ ತೊಳೆದ ನೀರಿನ ಹಾಗೆ ಎಲ್ಲ ಕಲಸಿಹೋಗಿದೆ.
ಇಲ್ಲಿ ಬಾಗಿಲು ಹಾಕಿಸುವಷ್ಟು ಚಳಿಯಿಲ್ಲ,
ರಾತ್ರಿಯಿಡೀ ಬೀದಿದೀಪ.
ಕಣ್ಣೇ ಮುಚ್ಚದ ಮರ
ನಿನ್ನೆಗೂ ಇವತ್ತಿಗೂ ಎಲ್ಲಿ ಗೀಟು ಹಾಕೀತು?
ಸಿಕ್ಕಿದ್ದು ಎರಡು ಮೊಳೆ, ಬ್ಯಾನರಿನ ತಂತಿ,
ಟ್ಯೂಷನ್ ಬೋರ್ಡಿನ ತಗಡಿನ ಮೂಲೆ;
ಎಲ್ಲ ನುಂಗಿ, ಮೇಲೆ ಮೈ ಬೆಳೆಸಿಕೊಂಡಿತ್ತು.
ಮುನಿನಂಜಪ್ಪ ಒಂದು ಮೊಳೆ ಮುಟ್ಟಿ ನೋಡಿದ.
'ಇದು ನಾನೇ ಹೊಡೆದಿದ್ದಿರಬೇಕು,
ಎಲೆಕ್ಷನ್ ವರ್ಷ. ದಿನಕ್ಕೆ ಐವತ್ತು ರೂಪಾಯಿ.'
ಟೀ ಕುಡಿಯದೆ ಹೋದ.

ಏಳನೇ ಸ್ಟ್ರಾದ ಮರದಲ್ಲಿ ಒಂದು ವರ್ಷ ಕಡಿಮೆ.
ಎಷ್ಟು ಸಲ ಎಣಿಸಿದರೂ ಕಡಿಮೆ.
ಅಂಥ ಬರ. ಬದುಕಿತ್ತು, ಬರೆಯಲಿಲ್ಲ.
ಅಕ್ಕಪಕ್ಕದ ಆರು ಮರ ಸಾಕ್ಷಿ ಹೇಳಿದವು,
ಇಲ್ಲೊಂದು ಇತ್ತು, ನಾವು ಕಂಡಿದ್ದೇವೆ.

ನನಗೂ ಇದೆ ಅಂಥದ್ದು.
ಅದರ ಹಿಂದಿನ ದೀಪಾವಳಿಯ ಎಣ್ಣೆ ನೆನಪಿದೆ,
ಆಚೆಯ ಬೇಸಿಗೆಯ ಮಾವು ನೆನಪಿದೆ,
ನಡುವೆ ಏನೂ ಇಲ್ಲ.
ಎದುರುಮನೆ ನೂರ್‌ಜಾನ್ ಹೇಳುತ್ತಾಳೆ:
ದಿನಾ ಎದ್ದು ಬಾಗಿಲು ತೊಳೀತಿದ್ದೆ ನೀನು,
ಚುಕ್ಕಿ ಇಡ್ತಿದ್ದೆ,
ಗೆರೆ ಎಳೀದೆ ಒಳಗೆ ಹೋಗಿಬಿಡ್ತಿದ್ದೆ.
ಹಾಲಿಗೆ ಹೋಗೋವಾಗ ನಾನು ಸುತ್ತು ಹಾಕ್ತಿದ್ದೆ,
ಎಲ್ಲಿ ತುಳಿದುಬಿಡ್ತೀನೋ ಅಂತ.

ಏಳನೇ ಕಡ್ಡಿ ಮತ್ತೆ ಕೆಳಗಿಟ್ಟು ಆ ಜಾಗ ಹುಡುಕಿದೆ.
ಇಲ್ಲದ್ದಕ್ಕೂ ಗುರುತು ಹಾಕುವ ಪದ್ಧತಿಯಿದೆ ನಮ್ಮಲ್ಲಿ:
ಗೆರೆಯ ಆಚೆಗೊಂದು ಚುಕ್ಕಿ,
ಈಚೆಗೊಂದು.