ಒಂಬತ್ತರ ತಗಡು

ಅರಸೀಕೆರೆಯ ಹೈಸ್ಕೂಲು ಮೈದಾನ, ರಾತ್ರಿ ಹನ್ನೊಂದು ದಾಟಿದೆ.
ಅಂಕದ ಹಲಗೆಯ ಪಕ್ಕ ನನ್ನ ಸ್ಟೂಲು.
ನಮ್ಮ ಕಡೆಯ ಒಂಬತ್ತು ಕಳೆದು ಎರಡು ವರ್ಷ;
ಆರನ್ನೇ ತಲೆಕೆಳಗು ಮಾಡಿ ಮೊಳೆಗೆ ಸಿಕ್ಕಿಸುತ್ತೇನೆ.
ಇದುವರೆಗೆ ಯಾರೂ ಕೇಳಿಲ್ಲ.

ಐದನೇ ಸೆಟ್ಟು. ಬಲೆಯಾಚೆ ಕಡೂರಿನವರು,
ಹೊಸ ಬೂಟು, ಬೆನ್ನ ಮೇಲೆ ಸಿಮೆಂಟು ಕಂಪನಿಯ ಹೆಸರು.
ಈಚೆ ನಮ್ಮವರು.
ನನ್ನ ಬೆನ್ನ ಹಿಂದೆ ಕಾಂಪೌಂಡು ಗೋಡೆ,
ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತ ನ್ಯಾಯಸ್ಥಾನ.

"ಹನ್ನೊಂದು ವರ್ಷ ಆಯ್ತು ಕಣಯ್ಯ, ಮರುಳಸಿದ್ದಪ್ಪನ ಕೋಚಿಂಗು.
ಒಂದು ಕಪ್ಪು ಕಂಡಿದೀವಾ, ಟೀ ಕುಡಿಯೋ ಕಪ್ಪು ಬಿಟ್ಟು?"
ಇದು ಕೊಬ್ಬರಿ ಮಂಡಿಯ ತಮ್ಮಯ್ಯಣ್ಣ.
ಕಾಯಿ ಅಲ್ಲಾಡಿಸಿ ನೋಡುವಂತೆ ಹುಡುಗರನ್ನೂ
ಕಿವಿಯಲ್ಲೇ ಅಳೆಯುವವನು.
"ಬಂದವನು ಬಂದಂಗೆ ರೈಲು ಹತ್ತಿದರೆ
ಕೋಚು ಏನ್ ಸ್ವಾಮಿ ಮಾಡ್ತಾನೆ?"
ಇದು ಪಾಯಿಂಟ್ಸ್‌ಮನ್ ದೇವಸಹಾಯಂ.
ಹತ್ತಿಸಿ ಕಳಿಸಿದವನೇ ಅವನು.

"ಇವನ್ನ ಕೇಳಿ, ಬರೆದಿಟ್ಟಿದಾನೆ."
ಬರೆದಿಟ್ಟಿದ್ದೇನೆ, ನಿಜ.
ಗೆದ್ದದ್ದು ನಲವತ್ತೇಳು, ಸೋತದ್ದು ಅರವತ್ತೊಂದು.
ಬಾಯಿ ಬಿಟ್ಟದ್ದೇ ತಪ್ಪಾಯ್ತು:
ನಲವತ್ತೇಳನ್ನು ಒಬ್ಬ ಎತ್ತಿಕೊಂಡ, ಅರವತ್ತೊಂದನ್ನು ಇನ್ನೊಬ್ಬ,
ಇಬ್ಬರದೂ ಗೆದ್ದ ಮುಖ.
ನನ್ನ ಪುಸ್ತಕದಲ್ಲಿ ಇಲ್ಲದ್ದೂ ಇದೆ.
ಹರಿದ ಬಲೆಗೆ ಗೋಣಿದಾರ ಹೊಲಿದು ಆಡಿದ ವರ್ಷ;
ನೇಮಕಾತಿ ಪರೀಕ್ಷೆಯ ಹಿಂದಿನ ರಾತ್ರಿ ಸೆಮಿಫೈನಲು ಸೋತು
ಬೆವರು ಆರದೆಯೇ ಪ್ಯಾಸೆಂಜರು ಹತ್ತಿದ ಅರ್ಧ ತಂಡ.
ಅವಕ್ಕೆ ಕಾಲಂ ಎಳೆದಿರಲಿಲ್ಲ.

ಗೂಡ್ಸು ಗಾಡಿಯೊಂದು ಬಂತು, ಐವತ್ತೆಂಟು ಡಬ್ಬಿ.
ಬೈಗುಳ ಅರ್ಧಕ್ಕೆ ನಿಂತು ಬಾಯಲ್ಲೇ ಕಾದವು.

ಹನ್ನೆರಡು, ಹದಿಮೂರು.
ಜಬೀವುಲ್ಲಾ ಎಗರಿದ. ಹೊಡೆದ. ಮಣ್ಣು ಹಾರಿತು.
ಹದಿಮೂರು, ಹದಿಮೂರು.
ಗೋಡೆಯಿಡೀ ಎದ್ದು ನಿಂತಿದೆ,
ಆಗಲೇ ಮರುಳಸಿದ್ದಪ್ಪ ಎರಡು ಮುಷ್ಟಿ ಸುತ್ತಿಸಿ ತೋರಿಸಿದ:
ಜಬಿ ಹೊರಗೆ, ಓಂಕಾರಿ ಒಳಗೆ.

"ಅಯ್ಯೋ! ಹೊಡೆಯೋ ಎತ್ತು ಬಿಚ್ಚಿ ಕರು ಕಟ್ಟಿದನಲ್ಲೋ!"
"ಓಂಕಾರಿ ಅವನ ಷಡ್ಡಕನ ಮಗ, ಗೊತ್ತಾ?"
"ಅಲ್ಲ ಕಣೋ, ಬಾಡಿಗೆಯವರ ಮಗ."
"ಎರಡೂ ಒಂದೇ!"
ಗೋಡೆಯ ತುದಿಯಿಂದ ಪೋಸ್ಟಾಫೀಸಿನ ನಾಗರತ್ನ
(ಒಂದು ಕಾಲಕ್ಕೆ ಇದೇ ಕೋಚಿನ ಸೆಟ್ಟರು, ಕಿರುಬೆರಳು ಇನ್ನೂ ಸೊಟ್ಟ)
ಕಡಲೆಕಾಯಿ ಸುಲಿಯುತ್ತಲೇ ಹೇಳಿದಳು:
"ಸರ್ವೀಸು ಈಗ ಜಬಿಯದು. ಇವತ್ತು ನಾಲ್ಕು ಸಲ ಬಲೆಗೆ ಹಾಕಿದಾನೆ.
ಯಾರಾದರೂ ಎಣಿಸಿದ್ರಾ?"
ನಾನು ಎಣಿಸಿದ್ದೆ. ನನ್ನನ್ನು ಯಾರೂ ನೋಡಲಿಲ್ಲ.

ಓಂಕಾರಿಯ ಚೆಂಡು ತಿರುಗದೆ ಹೋಯಿತು,
ಕುಡಿದವನ ಸೈಕಲಿನ ಹಾಗೆ ಓಲಾಡಿಕೊಂಡು.
ಕಡೂರಿನವನ ಮುಂಗೈಯಿಂದ ಜಾರಿ ಬೇವಿನ ಮರಕ್ಕೆ.
ಹದಿನಾಲ್ಕು.
"ಹೇಳಿರಲಿಲ್ವಾ ನಾನು!" ಅಂದ ತಮ್ಮಯ್ಯಣ್ಣ.
ಏನು ಹೇಳಿದ್ದ?

ಮುಂದಿನದು ಬಲೆಗೆ.
ಆಮೇಲಿನದು ಬೇಗ ಮುಗಿಯಿತು.
ಹದಿನಾಲ್ಕು, ಹದಿನಾರು. ತಗಡು ತಣ್ಣಗಿತ್ತು.

ಗೋಡೆ ಖಾಲಿಯಾಗಿ ಟೀ ಅಂಗಡಿಯ ಬೆಂಚು ತುಂಬಿತು.
ಜಬಿ ಇದ್ದಿದ್ದರೆ, ಜಬಿ ಇದ್ದಿದ್ದರೆ.
ಜಬಿಯೂ ಅಲ್ಲೇ ಇದ್ದ, ಬನ್ನು ಅದ್ದಿಕೊಂಡು ಕೇಳುತ್ತ.

ಬಲೆ ಸುತ್ತಿ ಹೆಗಲಿಗೇರಿಸಿ ಮರುಳಸಿದ್ದಪ್ಪ ನನ್ನ ಹತ್ತಿರ ಬಂದ.
ಅರವತ್ತೆರಡು ಅನ್ನಲು ನಾಲಿಗೆ ಸಜ್ಜು ಮಾಡಿಕೊಂಡೆ.
"ಓಂಕಾರಿದು ಎಷ್ಟು?"
"ಒಂದು ಒಳಗೆ, ಒಂದು ಬಲೆಗೆ."
"ಹೋದ ವಾರ ಎರಡೂ ಬಲೆಗೆ," ಅಂದ,
ಮಂಡಿಯಲ್ಲಿ ಒಳ್ಳೇ ರೇಟು ಸಿಕ್ಕವನಂತೆ.

ತಗಡುಗಳನ್ನು ಚೀಲಕ್ಕೆ ತುಂಬುತ್ತಿದ್ದೆ.
ಹೊರಟವನು ನಿಂತು, ತಿರುಗಿ,
"ಆ ಆರು ಇದೆಯಲ್ಲ," ಅಂದ,
"ಮೇಲಿನ ತೂತು ಸವೆದಿದೆ ನೋಡು. ನಾಳೆ ಇನ್ನೊಂದು ಕೊರಿ."